ಹಳೆಯ ಇಟ್ಟಿಗೆಯ ಮೇಲೆ ಹೊಸ ಇಟ್ಟಿಗೆ: ಲೆಗೊ ಸಂಸ್ಥೆಯ ಏಳುಬೀಳಿನಲ್ಲಿ ನಮಗಿರುವ ಪಾಠ

ಡೆನ್ಮಾರ್ಕ್ ದೇಶದ ಆಟಿಕೆ ತಯಾರಿಕಾ ಸಂಸ್ಥೆ ಲೆಗೊ 2024ರಲ್ಲಿ ಸುಮಾರು 7,430 ಕೋಟಿ ಡ್ಯಾನಿಷ್ ಕ್ರೋನರ್ ವರಮಾನ ಗಳಿಸಿತು. ಹಿಂದಿನ ವರ್ಷಕ್ಕಿಂತ ಇದು ಶೇ. 13ರಷ್ಟು ಹೆಚ್ಚು. ಅದೇ ವರ್ಷ ಜಗತ್ತಿನ ಆಟಿಕೆ ಮಾರುಕಟ್ಟೆ ಒಟ್ಟಾರೆಯಾಗಿ ತುಸು ಕುಗ್ಗಿತ್ತು. ಬಾರ್ಬಿ ಗೊಂಬೆಯ ಮ್ಯಾಟೆಲ್ ಮತ್ತು ಮೊನಾಪಲಿ ಆಟದ ಹ್ಯಾಸ್ಬ್ರೊ, ಈ ಎರಡು ಅಮೆರಿಕನ್ ಸಂಸ್ಥೆಗಳ ಆ ವರ್ಷದ ವರಮಾನವನ್ನು ಕೂಡಿಸಿದರೂ ಲೆಗೊ ಗಳಿಸಿದಷ್ಟಾಗುವುದಿಲ್ಲ.

ಗಡಿಯಾಚೆಯ ಕನ್ನಡ ಶಾಲೆಗಳ ಪೋಷಕರಿಗೆ ಈ ಸುದ್ದಿಯಿಂದ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಪ್ರತಿವರ್ಷ ದಾಖಲಾತಿಯ ದಿನಗಳಲ್ಲಿ ಮನೆಮನೆಗೆ ಹೋಗುವ ನಾವು ಎರಡು ಪ್ರಶ್ನೆಗಳನ್ನು ತಪ್ಪದೆ ಎದುರಿಸುತ್ತೇವೆ. ‘ಇಷ್ಟು ಸಣ್ಣ ಭಾಷೆಯಲ್ಲಿ ಓದಿದರೆ ಮಗು ಎಲ್ಲಿಯವರೆಗೆ ಹೋದೀತು ಮೇಷ್ಟ್ರೇ?’ ಎಂಬುದು ಮೊದಲನೆಯದು. ‘ಒಂದನೆಯ ತರಗತಿಯಲ್ಲಿ ಬರೀ ಆಟವಾಡಿಸುತ್ತೀರಂತೆ, ಪಾಠ ಯಾವಾಗ?’ ಎಂಬುದು ಎರಡನೆಯದು. ಲೆಗೊ ಸಂಸ್ಥೆಯ ಚರಿತ್ರೆಯು ಈ ಎರಡೂ ಪ್ರಶ್ನೆಗಳನ್ನು ಮುಟ್ಟಿ ಹೋಗುತ್ತದೆ.

ಬಡಗಿಯ ಕಾರ್ಯಾಗಾರದಿಂದ

ಜಟ್‌ಲೆಂಡ್ ಪ್ರಾಂತದ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿಯಿದ್ದನು. ಜಗತ್ತನ್ನೇ ಕಾಡಿದ ಆರ್ಥಿಕ ಕುಸಿತದ ಕಾಲದಲ್ಲಿ ಮನೆ ಕಟ್ಟಿಸುವವರು ಇಲ್ಲದಾದಾಗ, 1932ರಲ್ಲಿ ಆತ ಮರದ ಆಟಿಕೆಗಳನ್ನು ಮಾಡತೊಡಗಿದನು. 1934ರಲ್ಲಿ ತನ್ನ ಉದ್ಯಮಕ್ಕೆ ‘ಲೆಗೊ’ ಎಂದು ಹೆಸರಿಟ್ಟನು. ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡ್ಯಾನಿಷ್ ಪದಗಳ ಮೊದಲ ಅಕ್ಷರಗಳು ಕೂಡಿ ಆದ ಹೆಸರಿದು. ಸಂಸ್ಥೆಯೇ ಹೇಳಿಕೊಳ್ಳುವ ಒಂದು ಪ್ರಸಂಗವುಂಟು. ಮಗ ಗಾಡ್‌ಫ್ರೆಡ್ ಒಮ್ಮೆ ಮರದ ಬಾತುಕೋಳಿಗಳಿಗೆ ಮೂರರ ಬದಲು ಎರಡೇ ಲೇಪ ವಾರ್ನಿಷ್ ಬಳಿದು, ಖರ್ಚು ಉಳಿಸಿದೆನೆಂದು ಹೆಮ್ಮೆಪಟ್ಟನಂತೆ. ತಂದೆ ಅವನನ್ನು ರೈಲು ನಿಲ್ದಾಣಕ್ಕೆ ಅಟ್ಟಿ, ಕಳುಹಿಸಿದ್ದ ಪೆಟ್ಟಿಗೆಗಳನ್ನು ಮರಳಿ ತರಿಸಿ, ಮೂರನೆಯ ಲೇಪವನ್ನು ಬಳಿಸಿದನಂತೆ.

1949ರಲ್ಲಿ ಸಂಸ್ಥೆ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಯಾರಿಸಿತು. ಅವು ಪೂರ್ಣವಾಗಿ ಸ್ವಂತ ಕಲ್ಪನೆಯವಾಗಿರಲಿಲ್ಲ. ಬ್ರಿಟನ್ನಿನ ಹಿಲರಿ ಫಿಶರ್ ಪೇಜ್ ಅವರ ಕಿಡ್ಡಿಕ್ರಾಫ್ಟ್ ಇಟ್ಟಿಗೆಗಳೇ ಅವಕ್ಕೆ ಮಾದರಿ. ಆದರೆ ಈ ಹೊಸ ಇಟ್ಟಿಗೆಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಇಟ್ಟಿಗೆಯ ಒಳಗೆ ಟೊಳ್ಳು ಕೊಳವೆಗಳನ್ನಿಟ್ಟು ಆ ಕೊರತೆಯನ್ನು ನೀಗಿಸಿದ ವಿನ್ಯಾಸಕ್ಕೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಆ ವರ್ಷ ತಯಾರಾದ ಇಟ್ಟಿಗೆಯ ಮೇಲೆ ಇಂದು ತಯಾರಾಗುವ ಇಟ್ಟಿಗೆ ಸರಿಯಾಗಿ ಕೂರುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿದ್ದದ್ದು ಮೊಮ್ಮಗಳ ಆಟಕ್ಕೂ ಒದಗುತ್ತದೆ. ಎಂಟು ಉಬ್ಬುಗಳಿರುವ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಒಂದೊಂದು ಆಟಿಕೆಯನ್ನು ಬಿಡಿಬಿಡಿಯಾಗಿ ಮಾರುವ ಬದಲು, ಪ್ರತಿ ಹೊಸ ಪೆಟ್ಟಿಗೆಯೂ ಹಳೆಯದಕ್ಕೆ ಸೇರಿಕೊಳ್ಳುವ ಒಂದು ವ್ಯವಸ್ಥೆಯನ್ನೇ ಕಟ್ಟಿದ್ದು ಗಾಡ್‌ಫ್ರೆಡ್‌ನ ದೊಡ್ಡ ಸಾಧನೆ.

ಬುಡ ಮರೆತಾಗ

1998ರಲ್ಲಿ ಸಂಸ್ಥೆ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ನಷ್ಟ ಕಂಡಿತು. ಮಕ್ಕಳು ಇನ್ನು ಕಂಪ್ಯೂಟರ್ ಆಟಗಳ ಕಡೆಗೇ ಹೋಗುವರೆಂಬ ಭಯ ಅದನ್ನು ಹಿಡಿದಿತ್ತು. ಮನರಂಜನಾ ಉದ್ಯಾನ, ಬಟ್ಟೆಬರೆ, ವಿಡಿಯೊ ಆಟ ಎಂದು ನಾನಾ ದಿಕ್ಕುಗಳಿಗೆ ಕೈಚಾಚಿತು. ಇಟ್ಟಿಗೆಗಳಲ್ಲಿಯೂ ಒಂದೊಂದು ಆಟಿಕೆಗೆ ಮಾತ್ರ ಹೊಂದುವ ಬಿಡಿಭಾಗಗಳು ಹೆಚ್ಚುತ್ತ, ಅವುಗಳ ಬಗೆಗಳು ಸುಮಾರು 13,000ಕ್ಕೆ ಏರಿದವು. ಪ್ರತಿ ಹೊಸ ಭಾಗಕ್ಕೂ ಬೆಲೆಬಾಳುವ ಹೊಸ ಅಚ್ಚು ಬೇಕು. ಒಂದೇ ಆಟಿಕೆಯಲ್ಲಿ ಬಳಸಿ ಬಿಟ್ಟರೆ ಆ ಹಣ ಮರಳದು. 2003ರಲ್ಲಿ ಮಾರಾಟ ಸುಮಾರು ಕಾಲು ಭಾಗದಷ್ಟು ಕುಸಿದು, ಸಂಸ್ಥೆಯೇ ಕೈಬಿಟ್ಟು ಹೋಗುವ ಸ್ಥಿತಿ ಬಂದಿತು.

2004ರಲ್ಲಿ 35ರ ಹರೆಯದ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಅಧಿಕಾರ ವಹಿಸಿಕೊಂಡರು. ಮಾಲೀಕ ಕುಟುಂಬಕ್ಕೆ ಸೇರದವರೊಬ್ಬರು ಆ ಹುದ್ದೆಗೇರಿದ್ದು ಅದೇ ಮೊದಲು. ಅವರು ಬಿಡಿಭಾಗಗಳ ಬಗೆಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು. 2005ರಲ್ಲಿ ಲೆಗೊಲ್ಯಾಂಡ್ ಉದ್ಯಾನಗಳ ಬಹುಪಾಲನ್ನು ಮಾರಿದರು. ಬಣ್ಣಬಣ್ಣದ ಹಳೆಯ ಇಟ್ಟಿಗೆಯೇ ಮತ್ತೆ ವ್ಯವಹಾರದ ನಡುಮನೆಗೆ ಬಂದಿತು. 2014ರ ಮೊದಲ ಆರು ತಿಂಗಳ ಮಾರಾಟದಲ್ಲಿ ಲೆಗೊ ಮ್ಯಾಟೆಲ್ ಅನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಆಟಿಕೆ ಸಂಸ್ಥೆ ಎನಿಸಿಕೊಂಡಿತು.

ಇದನ್ನು ಪುಣ್ಯಕಥೆಯಂತೆ ಓದಬೇಕಾಗಿಲ್ಲ. ಸ್ಟಾರ್ ವಾರ್ಸ್, ಹ್ಯಾರಿ ಪಾಟರ್‌ಗಳಂಥ ಜನಪ್ರಿಯ ಹೆಸರುಗಳ ಪರವಾನಗಿ, 2014ರಲ್ಲಿ ತೆರೆಕಂಡ ಚಲನಚಿತ್ರ, ನಾನಾ ದೇಶಗಳ ಕಾರ್ಖಾನೆಗಳು, ಇವೆಲ್ಲವೂ ಆ ಏಳಿಗೆಗೆ ಕಾರಣ. 2017ರಲ್ಲಿ ಮಾರಾಟ ಮತ್ತೆ ಇಳಿದಾಗ ಸುಮಾರು 1,400 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿ ಸಂಸ್ಥೆ ಪ್ರಕಟಿಸಿತು. ಆದರೂ ಒಂದು ಮಾತು ಉಳಿಯುತ್ತದೆ: ಹೊಸದು ಹಳೆಯದರ ಮೇಲೆ ಕೂರುವಷ್ಟು ಕಾಲ ಸಂಸ್ಥೆ ಬೆಳೆಯಿತು, ಆ ಹೊಂದಿಕೆ ತಪ್ಪಿದಾಗ ಬಿದ್ದಿತು.

ಸಣ್ಣ ಭಾಷೆ ಎಂಬ ಅಂಜಿಕೆ

ಇನ್ನು ನಮ್ಮ ಪೋಷಕರ ಪ್ರಶ್ನೆಗಳು. ಡ್ಯಾನಿಷ್ ಭಾಷೆಯನ್ನಾಡುವವರು ಸುಮಾರು 60 ಲಕ್ಷ ಜನ. 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯಾಗಿರುವವರು 4 ಕೋಟಿ 37 ಲಕ್ಷ. ಡೇನರು ಇಂಗ್ಲಿಷನ್ನು ಚೆನ್ನಾಗಿಯೇ ಕಲಿಯುತ್ತಾರೆ. ಲೆಗೊ ಸಂಸ್ಥೆಯೂ ಹೊರಜಗತ್ತಿನೊಡನೆ ಇಂಗ್ಲಿಷಿನಲ್ಲಿಯೇ ವ್ಯವಹರಿಸುತ್ತದೆ. ಆದರೆ ಬಿಲ್ಲುಂಡಿನ ಸರಕಾರಿ ಶಾಲೆಯಲ್ಲಿ ಮಗು ಎಣಿಸಲು ಕಲಿಯುವುದು ಡ್ಯಾನಿಷ್ ಭಾಷೆಯಲ್ಲಿ. ಇಂಗ್ಲಿಷ್ ಅದರ ಮೇಲೆ ಕೂರುತ್ತದೆ.

ಡೇನರಿಗೆ ಅವರದೇ ರಾಷ್ಟ್ರವಿದೆ, ಗಡಿಯಾಚೆಯ ನಮ್ಮ ಪಾಡು ಬೇರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾದರೆ ಬಿಲ್ಲುಂಡಿನಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿನಷ್ಟು ದೂರ ನೋಡೋಣ. 1920ರ ಜನಮತಗಣನೆಯ ನಂತರ ಅಲ್ಲಿ ಗೆರೆ ಎಳೆದಾಗ ಡ್ಯಾನಿಷ್ ನುಡಿಯ ಜನ ಜರ್ಮನಿಯಲ್ಲಿಯೂ, ಜರ್ಮನ್ ನುಡಿಯ ಜನ ಡೆನ್ಮಾರ್ಕಿನಲ್ಲಿಯೂ ಉಳಿದರು. 1955ರಲ್ಲಿ ಎರಡೂ ಸರಕಾರಗಳು ಈ ಅಲ್ಪಸಂಖ್ಯಾತರ ಹಕ್ಕುಗಳನ್ನು ಘೋಷಿಸಿದವು. ಜರ್ಮನಿಯ ನೆಲದಲ್ಲಿ ಇಂದಿಗೂ ಡ್ಯಾನಿಷ್ ಮಾಧ್ಯಮದ ಶಾಲೆಗಳು ನಡೆಯುತ್ತಿವೆ. ಅಲ್ಲಿನ ಮಕ್ಕಳು ಜರ್ಮನ್ ಭಾಷೆಯನ್ನೂ ಅಷ್ಟೇ ಚೆನ್ನಾಗಿ ಕಲಿಯುತ್ತಾರೆ. ಕಾಸರಗೋಡು, ತಾಳವಾಡಿ, ಜತ್ತ, ಅಕ್ಕಲಕೋಟೆಗಳ ನಮಗೆ ಆ ಗೆರೆ ಅಪರಿಚಿತವಲ್ಲ.

ಆಟದ ಪೆಟ್ಟಿಗೆಗಾಗಿ ಕೇಳೋಣ

ಲೆಗೊ ಪೆಟ್ಟಿಗೆಯನ್ನು ಕೊಂಡು ತನ್ನಿರೆಂದು ನಾವು ಹೇಳುತ್ತಿಲ್ಲ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರಕಾರವು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಿತು. ಮೊದಲೇ ದುಬಾರಿಯಾದ ಆ ಪೆಟ್ಟಿಗೆ ಕೂಲಿಯ ಮನೆಗೆ ಎಟುಕುವಂಥದಲ್ಲ. ನಮ್ಮಲ್ಲಿ ಹುಣಿಸೆಬೀಜಗಳಿವೆ, ಅಟ್ಟದ ಮೇಲೆ ಚೆನ್ನೆಮಣೆಯೋ ಅಳಗುಳಿಮಣೆಯೋ ಇದೆ. ಕಾಳುಗಳನ್ನು ಗುಳಿಗಳಿಗೆ ಹಂಚುತ್ತ ಕೂಡುವುದು, ಕಳೆಯುವುದು, ಮುಂದಿನ ಸರದಿಯನ್ನು ಊಹಿಸುವುದು, ಇವೆಲ್ಲವನ್ನೂ ಮಗು ಮನೆಮಾತಿನಲ್ಲಿಯೇ ಕಲಿಯುತ್ತದೆ. ಅದು ಪಾಠವೇ.

ಇದು ಶಿಕ್ಷಕರ ಸ್ವಂತ ಕಲ್ಪನೆಯೂ ಅಲ್ಲ. 2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆಗೆ ಆಟವನ್ನೇ ಆಧಾರವಾಗಿಟ್ಟಿದೆ, ಮನೆಮಾತಿಗೆ ಮೊದಲ ಸ್ಥಾನ ಕೊಟ್ಟಿದೆ. 2023ರ ಫೆಬ್ರವರಿಯಲ್ಲಿ ‘ಜಾದೂಯಿ ಪಿಟಾರಾ’ ಎಂಬ ಆಟಿಕೆ ಪೆಟ್ಟಿಗೆಯೂ ಬಿಡುಗಡೆಯಾಯಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಏರ್ಪಾಡು ಮಾಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ.

ಆದ್ದರಿಂದ ಮುಂದಿನ ಪೋಷಕರ ಸಭೆಯಲ್ಲಿ ಎಲ್ಲರೂ ಎದ್ದುನಿಂತು ಮೂರು ಪ್ರಶ್ನೆಗಳನ್ನು ಕೇಳೋಣ. ನಮ್ಮ ಶಾಲೆಗೆ ಆಟದ ಸಾಮಗ್ರಿ ಬಂದಿದೆಯೇ? ಅದರ ಕೈಪಿಡಿ ಕನ್ನಡದಲ್ಲಿದೆಯೇ? ಇಲ್ಲವಾದರೆ ಯಾವ ಕಚೇರಿಗೆ ಬರೆಯಬೇಕು? ಅರ್ಜಿಯನ್ನು ಬರೆದುಕೊಡಲು ನಾವು ಶಿಕ್ಷಕರು ಸಿದ್ಧರಿದ್ದೇವೆ. ಅದಕ್ಕೆ ಬೇಕಾಗಿರುವುದು ಪೋಷಕರ ಸಹಿ.