ಸಿಂಕಿನ ಮೇಲಣ ಮಣೆ

ಮನೆ ಕಟ್ಟಿಸುವಾಗ ಬಹು ವೆಚ್ಚಕ್ಕೂ ಬಹು ಚರ್ಚೆಗೂ ಪಾತ್ರವಾಗುವ ಮುಂಬಾಗಿಲು, ಪಡಸಾಲೆ, ದೇವರ ಮನೆಗಳ ನಡುವೆ ತರಕಾರಿ ಹೆಚ್ಚುವ ಹಲಗೆಯೊಂದರ ಮಾತನ್ನೆತ್ತುವುದು ಅಲ್ಪ ವಿಷಯಕ್ಕೆ ಅತಿಶಯವಾದ ಗೌರವವನ್ನು ಸಲ್ಲಿಸಿದಂತೆ ಕೆಲವರಿಗೆ ತೋರಬಹುದು; ಆದರೆ ದಿನದಿನವೂ ಹೊತ್ತುಹೊತ್ತಿಗೂ ಕೈಯಾಡಬೇಕಾದ ವಸ್ತುವು ಅಲ್ಪವೆನಿಸುವುದು ಆ ಕೈಗಳ ಶ್ರಮವನ್ನು ಅಲ್ಪವೆಂದೆಣಿಸಿದವರಿಗೆ ಮಾತ್ರ. ತುಮಕೂರು ಜಿಲ್ಲೆಯ ದಬ್ಬೇಘಟ್ಟದ ಸುತ್ತಮುತ್ತಲ ತೆಂಗಿನ ಸೀಮೆಯಲ್ಲಿ ಹೆಂಚಿನ ಮನೆಗಳ ಸ್ಥಾನದಲ್ಲಿ ತಾರಸಿಯ ಮನೆಗಳು ಏಳುತ್ತಿರುವ ಈ ಕಾಲದಲ್ಲಿ ಆ ಹಲಗೆಯ ವಿಚಾರವನ್ನು ಗಂಭೀರವಾಗಿಯೇ ಎತ್ತಿಕೊಳ್ಳಬೇಕೆಂದು ನನ್ನ ಭಾವನೆ.

ಹಿಂದೆ ಈ ಪ್ರಶ್ನೆಗೆ ಅವಕಾಶವಿರಲಿಲ್ಲ. ಅಡುಗೆಮನೆಯ ನೆಲವೆಲ್ಲವೂ ಕೆಲಸದ ಸ್ಥಳವಾಗಿತ್ತು. ಈಳಿಗೆಮಣೆಯ ಮೇಲೊಂದು ಕಾಲನ್ನಿಟ್ಟು ಕುಳಿತರೆ ಬಲಕ್ಕೆ ತರಕಾರಿಯ ಮೊರ, ಎಡಕ್ಕೆ ನೀರಿನ ಪಾತ್ರೆ, ಮುಂದೆ ಸಿಪ್ಪೆಯ ರಾಶಿ. ಆ ಸಿಪ್ಪೆಯೂ ಅಕ್ಕಿ ತೊಳೆದ ನೀರೂ ಕಲಗಚ್ಚಿನ ಬಾನಿಗೆ ಸೇರಿ ಎಮ್ಮೆಯ ಪಾಲಾಗುತ್ತಿದ್ದುವು. ಇಂದು ಅಡುಗೆ ನಿಂತು ಮಾಡುವ ಕಾರ್ಯವಾಗಿದೆ. ಗ್ರಾನೈಟಿನ ಕಟ್ಟೆಯನ್ನು ಗ್ಯಾಸಿನ ಒಲೆ, ಮಿಕ್ಸಿ, ಗ್ರೈಂಡರು, ನೀರಿನ ಫಿಲ್ಟರುಗಳು ಹಂಚಿಕೊಂಡ ಮೇಲೆ, ಸಾರಿಗೂ ಪಲ್ಯಕ್ಕೂ ಚಟ್ನಿಗೂ ಕಾಯಿಯಿಲ್ಲದೆ ನಡೆಯದ ಈ ನಾಡಿನಲ್ಲಿ ಹೋಳನ್ನು ಬಿಡಿಸಿ, ಚೂರು ಮಾಡಿ, ಸೊಪ್ಪು ಹೆಚ್ಚಬೇಕಾದ ಗೃಹಿಣಿಗೆ ಉಳಿಯುವುದು ಗೇಣಗಲದ ಜಾಗವಷ್ಟೆ. ಕಟ್ಟೆಯ ಮೇಲೆ ಬರಿದಾಗಿರುವ ಸ್ಥಳವೆಂದರೆ ಸಿಂಕಿನ ಬಾಯಿಯೊಂದೇ. ಆದ್ದರಿಂದ ಅದರ ಮೇಲೆ ಮಣೆಯನ್ನು ಅಡ್ಡಲಾಗಿರಿಸಿ ಹೆಚ್ಚುವ ರೂಢಿಯು ಅವಶ್ಯಕತೆಯಿಂದ ಹುಟ್ಟಿದ ಯುಕ್ತವಾದ ಉಪಾಯವೇ ಸರಿ.

ಹೆಚ್ಚುವ ಕೆಲಸಕ್ಕೆ ಮೊದಲೇ ಸ್ಥಳವನ್ನು ಗೊತ್ತುಮಾಡಬೇಕೆಂಬ ವಿವೇಕ ಜಗತ್ತಿಗೆ ಹೊಸದಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗೆಂದು ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳಾ ವಾಸ್ತುಶಿಲ್ಪಿ ರಚಿಸಿದ ಅಡುಗೆಮನೆಯು ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಕಿರುಕೋಣೆ. ಆದರೂ ಅದರಲ್ಲಿ ಕಿಟಕಿಯ ಬೆಳಕಿಗೆ ಕುಳಿತು ತರಕಾರಿ ಹೆಚ್ಚಲು ಒಂದು ಮೇಜು, ಸಿಪ್ಪೆಯನ್ನು ಅಲ್ಲಿಂದಲೇ ತಳ್ಳಿಬಿಡಲು ಒಂದು ಗೂಡು ಇದ್ದುವು. ಅಡುಗೆಯವಳ ಒಂದೊಂದು ಹೆಜ್ಜೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆ ಕೋಣೆಯನ್ನು ಯೋಜಿಸಲಾಗಿತ್ತು. ನಮ್ಮಲ್ಲಿಯಾದರೋ ಕಟ್ಟೆಯ ಉದ್ದವನ್ನು ಮೇಸ್ತ್ರಿ, ಸಿಂಕಿನ ಅಳತೆಯನ್ನು ಅಂಗಡಿಯವನು ನಿಶ್ಚಯಿಸುತ್ತಾರೆ. ಚಿತ್ರವನ್ನು ನೋಡಿ ತರಿಸಿದ ಮಣೆಯು ಒಂದೋ ಕುಳಿಯೊಳಕ್ಕೆ ಜಾರುತ್ತದೆ, ಇಲ್ಲವೇ ನಲ್ಲಿಯ ಬುಡಕ್ಕೆ ತಗುಲಿ ನೆಟ್ಟಗೆ ಕೂರದೆ ಹೋಗುತ್ತದೆ.

ಮಣೆಯನ್ನು ಆರಿಸುವ ಕಾರ್ಯವು ಅಳತೆಯ ಪಟ್ಟಿಯಿಂದ ಆರಂಭವಾಗಬೇಕು. 24 ಅಂಗುಲ ಉದ್ದ, 18 ಅಂಗುಲ ಅಗಲವೆಂದು ಮಾರುವ ಸಿಂಕಿನಲ್ಲಿ ಆ ಸಂಖ್ಯೆಗಳು ಹೊರಗಣ ಅಂಚಿನವು. ಒಳಗಣ ಕುಳಿಯು ಅದಕ್ಕಿಂತ ಕಿರಿದು, ಮಣೆಗೆ ಬೇಕಾದದ್ದು ಆ ಕುಳಿಯ ಅಳತೆ. ಉದ್ದನೆಯ ದಿಕ್ಕಿಗಿಂತ ಕಿರಿದಾದ ದಿಕ್ಕಿನಲ್ಲಿ, ಮುಂದಿನಿಂದ ಹಿಂದಕ್ಕೆ, ಮಣೆಯನ್ನು ಅಡ್ಡವಿಡುವುದು ಲೇಸು: ಕಡಮೆ ದೂರವನ್ನು ದಾಟುವ ಹಲಗೆ ಕಡಮೆ ಬಾಗುತ್ತದೆ, ಸಿಂಕಿನ ಅರ್ಧವು ತೊಳೆಯುವುದಕ್ಕೆ ತೆರೆದೂ ಇರುತ್ತದೆ. ಎರಡು ತುದಿಗಳೂ ಅಂಚಿನ ಮೇಲೆ ಒಂದೊಂದು ಅಂಗುಲಕ್ಕೆ ಕಡಮೆಯಾಗದಂತೆ ಊರಿರಬೇಕು. ದಪ್ಪದಲ್ಲಿ ಜಿಪುಣತನ ಸಲ್ಲದು. ಹಲಗೆಯ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಮುಕ್ಕಾಲು ಅಂಗುಲದ ಮಣೆಗಿಂತ ಒಂದಂಗುಲದ ಮಣೆಯು ಎರಡು ಪಟ್ಟಿಗೂ ಮಿಗಿಲಾಗಿ ಬಾಗುವಿಕೆಯನ್ನು ತಡೆಯುತ್ತದೆ. ಕೆಳಗಡೆ ಕುಳಿಯ ಅಂಚಿಗೆ ಒಳಗಿನಿಂದ ತಾಗುವಂತೆ ಎರಡು ಅಡ್ಡಪಟ್ಟಿಗಳಿದ್ದರೆ ಮಣೆ ಜಾರದು. ಆದರೆ ಮರವು ಎಳೆಗೆ ಅಡ್ಡಲಾಗಿ ಹಿಗ್ಗಿ ಕುಗ್ಗುವುದಾದ್ದರಿಂದ ಆ ಪಟ್ಟಿಗಳನ್ನು ನಡುವೆ ಮಾತ್ರ ಬಿಗಿದು, ತುದಿಗಳ ತಿರುಪಿಗೆ ಉದ್ದನೆಯ ರಂಧ್ರವನ್ನು ಬಿಡಬೇಕು. ಇಲ್ಲವಾದರೆ ಹಲಗೆ ಸೀಳುತ್ತದೆ.

ಇನ್ನು ಮರದ ಮಾತು. ತೆಂಗಿನ ನಾಡಿನಲ್ಲಿ ತೆಂಗಿನ ಮರದಿಂದಲೇ ಮಣೆಯನ್ನು ಮಾಡಿಸೋಣವೆಂಬ ಆಸೆ ಸಹಜ. ಆದರೆ ತೆಂಗಿನ ಕಾಂಡವು ಹೊರವಲಯದಲ್ಲಿ ಗಟ್ಟಿ, ನಡುವೆ ಮೆದು. ಮೃದುವಾದ ಭಾಗದ ನಡುವೆ ಗಡುಸಾದ ಎಳೆಗಳು ಹಾದುಹೋಗಿರುವುದರಿಂದ ಕತ್ತಿಯ ಏಟಿಗೆ ಮಣೆಯ ಮುಖವು ಸಮನಾಗಿ ಸವೆಯದೆ ಸಿಬಿರೇಳುತ್ತದೆ. ಅದು ಜಂತೆಗೆ ಒಪ್ಪುವ ಮರ, ಮಣೆಗಲ್ಲ. ಮಣೆಗೆ ಹಲಸಿನ ಚೇಗು ಉತ್ತಮ. ಮೃದಂಗಕ್ಕೆ ಸಲ್ಲುವ ಆ ಮರವು ಗಟ್ಟಿಯಾಗಿದ್ದೂ ಕತ್ತಿಯ ಬಾಯನ್ನು ಕೆಡಿಸುವಷ್ಟು ಕಠಿಣವಲ್ಲ, ಮತ್ತು ಹಲಸಿಗೆ ಹೆಸರಾದ ತುಮಕೂರು ಜಿಲ್ಲೆಯಲ್ಲಿ ಅದಕ್ಕಾಗಿ ದೂರ ಅಲೆಯಬೇಕಾಗಿಯೂ ಇಲ್ಲ. ಮಾಂಸದ ಅಂಗಡಿಯವರು ನೆಚ್ಚುವ ಹುಣಸೆಯ ಕೊರಡೂ ಗಟ್ಟಿಮುಟ್ಟೇ. ಆದರೆ ಸಿಂಕಿನ ಮೇಲಿಟ್ಟು ಎತ್ತುವ ಮಣೆಗೆ ಅದು ಭಾರವಾದೀತು. ಮರ ಯಾವುದೇ ಇರಲಿ, ಹಸಿಯಾಗಿರಬಾರದು. ಕಾಯಿಯು ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಹೊರತು ಉಂಡೆಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಯನ್ನು ಏರದೆಂಬುದನ್ನು ಬಲ್ಲ ಈ ಸೀಮೆಯ ಜನಕ್ಕೆ, ಅಂಗುಲ ದಪ್ಪದ ಹಲಗೆಯೂ ನೆರಳು ಗಾಳಿಗಳಲ್ಲಿ ಸುಮಾರು ಒಂದು ವರ್ಷ ಒಣಗಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಕ್ಕಿಂತ ಪ್ಲಾಸ್ಟಿಕ್ಕು ಶುಚಿಯೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲಲಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಅವರ ಸಂಗಡಿಗರು ಎರಡು ಬಗೆಯ ಮಣೆಗಳ ಮೇಲೂ ಬ್ಯಾಕ್ಟೀರಿಯಾಗಳನ್ನು ಹಚ್ಚಿ ಪರೀಕ್ಷಿಸಿದಾಗ, ಮರದಲ್ಲಿ ಅವು ಒಳಕ್ಕಿಳಿದು ವೃದ್ಧಿಯಾಗದೆ ಕ್ರಮೇಣ ನಶಿಸಿದುವೆಂದೂ, ಕತ್ತಿಯ ಗೀರುಬಿದ್ದ ಪ್ಲಾಸ್ಟಿಕ್ಕನ್ನು ಕೈಯಿಂದ ತೊಳೆದು ಶುಚಿಮಾಡುವುದು ಕಷ್ಟವೆಂದೂ ಕಂಡುಬಂದಿತು. ಹಾಗೆಂದು ಮರವು ಉದಾಸೀನವನ್ನು ಸಹಿಸುವುದಿಲ್ಲ: ಕೆಲಸ ಮುಗಿದೊಡನೆ ತೊಳೆದು, ಒರಸಿ, ಗಾಳಿಯಾಡುವಂತೆ ನಿಲ್ಲಿಸಿಡಬೇಕು, ಮಾಂಸಕ್ಕೆ ಬೇರೊಂದು ಮಣೆಯಿರಬೇಕು, ಆಗಾಗ ಕೊಬ್ಬರಿ ಎಣ್ಣೆಯನ್ನು ಸವರಬೇಕು. ಅದು ಅಗಸೆ ಎಣ್ಣೆಯಂತೆ ಒಣಗಿ ಪೊರೆಗಟ್ಟದಿದ್ದರೂ ಬೇಗನೆ ಕಮಟುಗಟ್ಟುವುದಿಲ್ಲ.

ಒಂದು ನಿಷೇಧವನ್ನು ಮಾತ್ರ ಒತ್ತಿ ಹೇಳಬೇಕು. ಸಿಂಕಿನ ಮೇಲಣ ಮಣೆಯ ಕೆಳಗೆ ಆಧಾರವಿಲ್ಲ. ಅದರ ಮೇಲೆ ಕಾಯಿಯನ್ನು ಒಡೆಯಲಾಗದು, ಒಣಕೊಬ್ಬರಿಯ ಮೇಲೆ ಮೈಭಾರವನ್ನು ಹಾಕಿ ಕತ್ತಿಯನ್ನು ಒತ್ತಲಾಗದು. ಆ ಕೆಲಸಗಳಿಗೆ ನೆಲ, ಕಲ್ಲು, ಈಳಿಗೆ, ತುರಿಮಣೆಗಳು ಇಂದಿಗೂ ಯೋಗ್ಯವಾದುವು. ಹೊಸ ಮನೆಗೆ ಹೋಗುವಾಗ ಅವನ್ನು ಹಳೆಯ ಸಾಮಾನೆಂದು ತೊರೆಯಬಾರದು. ನಾರೂ ಸಿಪ್ಪೆಯೂ ಕುಳಿಗೆ ಬಿದ್ದರೆ ಕೊಳವೆ ಕಟ್ಟಿಕೊಳ್ಳುವುದು ನಿಶ್ಚಯವಾದ್ದರಿಂದ, ಮಣೆಯ ಪಕ್ಕದಲ್ಲೊಂದು ಬುಟ್ಟಿಯಿರಲಿ. ಅದರಲ್ಲಿ ಬಿದ್ದದ್ದು ದನಕ್ಕೋ ತೆಂಗಿನ ಬುಡಕ್ಕೋ ಸಲ್ಲುತ್ತದೆ.

ಮನೆ ಕಟ್ಟಿಸುವವರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಸಿಂಕನ್ನು ಕೊಳ್ಳುವ ಮೊದಲು ಅಡುಗೆ ಮಾಡುವವರನ್ನು ಕೇಳಿರಿ, ಸಿಂಕಿನ ಎದುರಿನಲ್ಲಿ ಅವರನ್ನೇ ನಿಲ್ಲಿಸಿ ಊರಿನ ಬಡಗಿಯಿಂದ ಅಳತೆಯನ್ನು ತೆಗೆಸಿರಿ, ಹಲಗೆಗೆ ತೋಪಡ ಹಿಡಿಸಿ ಅವರ ಕೈಗೆ ಒಪ್ಪಿದ ಮೇಲೆ ಬಡಗಿಗೆ ಕೂಲಿಯನ್ನು ಕೊಡಿರಿ. ಮುಂಬಾಗಿಲಿನ ಕೆತ್ತನೆಗೆ ವೆಚ್ಚ ಮಾಡುವುದರ ಅತ್ಯಲ್ಪ ಅಂಶವನ್ನು ಇದಕ್ಕೆ ಮೀಸಲಿಟ್ಟರೂ ಸಾಕು. ಬಾಗಿಲ ಕೆತ್ತನೆಯನ್ನು ಬಂದವರು ಒಂದು ಸಲ ಮೆಚ್ಚುವರು, ಒಳ್ಳೆಯ ಮಣೆಯು ಮನೆಯವರಿಗೆ ದಿನವೂ ನೆರವಾಗುವುದು.