ಹಸಿರು ದೀಪಕ್ಕೂ ಮೊದಲೇ ಅರ್ಧ ಮುಗಿದಿರುವ ರೇಸು

ಸಿಇಟಿ, ನೀಟ್ ರ್‍ಯಾಂಕ್ ಬರುವ ದಿನಗಳಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಚಿತ್ರ ತಪ್ಪದೆ ಓಡಾಡುತ್ತೆ. ಓಟದ ಟ್ರ್ಯಾಕು, ಒಬ್ಬ ಗೆರೆಯ ಮೇಲೆ ನಿಂತಿದ್ದಾನೆ, ಇನ್ನೊಬ್ಬನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದ್ದಾರೆ. "ಇದಕ್ಕೆ ರೇಸು ಅಂತಾರಾ?" ಅಂತ ಕೆಳಗೊಂದು ಪ್ರಶ್ನೆ. ನಮ್ಮ ಇಂಜಿನಿಯರಿಂಗ್ ಬ್ಯಾಚಿನ ಗ್ರೂಪಿನಲ್ಲಂತೂ ಇದು ವರ್ಷಾವರಿ ಜಾತ್ರೆ. ಇಷ್ಟು ದಿನ ನೋಡಿ ಸುಮ್ಮನಾಗುತ್ತಿದ್ದೆ. ಈ ಸಲ ಪ್ರಶ್ನೆಯನ್ನು ಸೀರಿಯಸ್ಸಾಗೇ ತಗೊಳ್ಳೋಣ ಅನಿಸಿತು. ಸ್ಟಾರ್ಟ್ ನ್ಯಾಯವಾಗಿತ್ತಾ ಅನ್ನೋದನ್ನ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುವ ಆಟವೊಂದಿದೆ: ಅಮೆರಿಕದ ಡ್ರ್ಯಾಗ್ ರೇಸಿಂಗ್. ಅಲ್ಲಿ ಏನು ನಡೆಯುತ್ತೆ ನೋಡಿ.

ಎರಡು ಕಾರು, ನೇರ ರಸ್ತೆ, ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್. ಮೊದಲೆಲ್ಲ ಒಬ್ಬ ಬಾವುಟ ಬೀಸಿ ರೇಸು ಬಿಡುತ್ತಿದ್ದ. 1963ರಲ್ಲಿ 'ಕ್ರಿಸ್‌ಮಸ್ ಟ್ರೀ' ಅನ್ನೋ ದೀಪದ ಕಂಬ ಬಂತು. ಮೂರು ಹಳದಿ ದೀಪ ಅರ್ಧರ್ಧ ಸೆಕೆಂಡಿಗೆ ಒಂದರಂತೆ ಹತ್ತುತ್ತವೆ, ಇನ್ನರ್ಧ ಸೆಕೆಂಡಿಗೆ ಹಸಿರು. ಗೆರೆಯ ಮೇಲೆ ಅಡ್ಡಲಾಗಿ ಕಣ್ಣಿಗೆ ಕಾಣದ ಬೆಳಕಿನ ಕಿರಣ ಇರುತ್ತೆ, ಕಾರಿನ ಮುಂದಿನ ಟೈರು ಅದನ್ನು ತಡೆದು ನಿಂತಿರುತ್ತೆ. ಹಸಿರು ಬಿದ್ದ ಕ್ಷಣದಿಂದ ಟೈರು ಆ ಕಿರಣ ದಾಟಿ ಹೋಗುವವರೆಗಿನ ಸಮಯವೇ 'ರಿಯಾಕ್ಷನ್ ಟೈಮ್'. 0.000 ಬಂದರೆ ಪರ್ಫೆಕ್ಟ್. ಸಾವಿರದ ಒಂದು ಭಾಗ ಮೊದಲೇ ಹೊರಟರೂ ಕೆಂಪು ದೀಪ, ಆಟ ಖಲಾಸ್.

ಹೆಸರು ರಿಯಾಕ್ಷನ್ ಟೈಮ್. ಕೇಳಿದವರಿಗೆ ಡ್ರೈವರಿನ ಚುರುಕುತನದ ಅಳತೆ ಅನಿಸುತ್ತೆ. ಆದರೆ ಗಡಿಯಾರ ನೋಡೋದು ಡ್ರೈವರನ್ನಲ್ಲ, ಟೈರನ್ನು. ಕಣ್ಣು ದೀಪ ನೋಡಿ, ಮೆದುಳು ಹೇಳಿ, ಬೆರಳೋ ಕಾಲೋ ಆಡುವ ಹೊತ್ತು ಒಂದು ಭಾಗ. ಪೆಡಲ್ ಒತ್ತಿದ ಮೇಲೆ ಗೇರ್‌ಬಾಕ್ಸು, ಆಕ್ಸಲ್ಲು, ಹಿಂದಿನ ಟೈರು ಎಲ್ಲ ಎಚ್ಚೆತ್ತು ಕಾರು ಕದಲುವ ಹೊತ್ತು ಇನ್ನೊಂದು ಭಾಗ. ಕದಲಿದ ಮೇಲೆ ಮುಂದಿನ ಟೈರು ಕಿರಣದಿಂದ ಪೂರ್ತಿ ಆಚೆ ಬರುವ ಹೊತ್ತು ಮೂರನೆಯದು. ಮೂರೂ ಕೂಡಿ ಸ್ಲಿಪ್ಪಿನಲ್ಲಿ ಒಂದೇ ಅಂಕಿ. ಅದಕ್ಕೇ ಅಲ್ಲಿ ಯಾರೂ ಹಸಿರಿಗೆ ಕಾಯೋದಿಲ್ಲ. ಮೂರನೇ ಹಳದಿ ಕಂಡ ಕೂಡಲೇ ಹೊರಡುತ್ತಾರೆ. ಹಸಿರು ನೋಡಿ ಹೊರಟವನು ಆಗಲೇ ಸೋತಿರುತ್ತಾನೆ.

ಈಗ ಒಬ್ಬ ಡ್ರೈವರಿಗೆ ಪ್ರತಿ ಸಲ 0.090 ಬರುತ್ತಿದೆ ಅಂದುಕೊಳ್ಳಿ. "ಇನ್ನೂ ಚುರುಕಾಗು" ಅಂತ ಅವನಿಗೆ ಯಾರೂ ಭಾಷಣ ಬಿಗಿಯೋದಿಲ್ಲ. ಕಾರಿನ ಸೆಟಪ್ ಬದಲಾಯಿಸುತ್ತಾರೆ. ಹೊರಡುವಾಗಿನ ಇಂಜಿನ್ ಆರ್‌ಪಿಎಂ ಏರಿಸಿದರೆ ಕಾರು ಬೇಗ ಕದಲುತ್ತೆ. ಮುಂದಿನ ಟೈರು ಚಿಕ್ಕದು ಹಾಕಿದರೆ ಅಥವಾ ಅದಕ್ಕೆ ಗಾಳಿ ಜಾಸ್ತಿ ತುಂಬಿದರೆ ಕಿರಣದ ಎತ್ತರದಲ್ಲಿ ಟೈರಿನ ಅಗಲ ಕಡಿಮೆಯಾಗುತ್ತೆ, ಬೇಗ ಆಚೆ ಬರುತ್ತೆ. (ವೃತ್ತದ ಜ್ಯಾ ಲೆಕ್ಕ. ಎಸ್ಸೆಸ್ಸೆಲ್ಸಿಯಲ್ಲಿ ಯಾಕಪ್ಪಾ ಇದು ಅಂತ ಬೈದುಕೊಂಡಿದ್ದೆವಲ್ಲ, ಅದೇ.) ಏನೂ ಬದಲಿಸದೆ, ಗೆರೆಯಲ್ಲಿ ಕಾರನ್ನು ಇನ್ನೊಂದಿಷ್ಟು ಇಂಚು ಮುಂದೆ ತಂದು ನಿಲ್ಲಿಸುವುದೂ ಉಂಟು, ಅದಕ್ಕೆ 'ಡೀಪ್ ಸ್ಟೇಜಿಂಗ್' ಅಂತಾರೆ. ಡ್ರೈವರ್ ಅದೇ, ಕಣ್ಣು ಅದೇ, ಸ್ಲಿಪ್ಪಿನಲ್ಲಿ ಅಂಕಿ ಮಾತ್ರ ಬೇರೆ.

ಪುಕ್ಕಟೆ ಏನೂ ಸಿಗೋದಿಲ್ಲ. ಟ್ರ್ಯಾಕು ಮುಗಿಸಲು ಹಿಡಿದ ಸಮಯದ ಗಡಿಯಾರ ಶುರುವಾಗೋದು ಟೈರು ಕಿರಣ ದಾಟಿದ ಮೇಲೆ. ದೊಡ್ಡ ಟೈರಿನ ಕಾರು ಅಷ್ಟರಲ್ಲಿ ಆಗಲೇ ಉರುಳುತ್ತಾ ವೇಗ ಪಡೆದಿರುತ್ತೆ, ಹಾಗಾಗಿ ಅದರ ಓಟದ ಸಮಯ ಚೆನ್ನಾಗಿ ಬರುತ್ತೆ. ಚಿಕ್ಕ ಟೈರಿನದು ರಿಯಾಕ್ಷನ್‌ನಲ್ಲಿ ಗೆದ್ದು ಓಟದಲ್ಲಿ ಒಂಚೂರು ಬಿಟ್ಟುಕೊಡುತ್ತೆ. ಕೆಂಪು ದೀಪ ಮೇಲಿಂದ ಮೇಲೆ ಬೀಳುತ್ತಿದ್ದರೆ ಇದೇ ಕೆಲಸ ಉಲ್ಟಾ: ಆರ್‌ಪಿಎಂ ಇಳಿಸು, ದೊಡ್ಡ ಟೈರು ಹಾಕು. ಗೆಲ್ಲೋದಕ್ಕಾಗಿ ಕಾರನ್ನು ಬೇಕಂತಲೇ ನಿಧಾನ ಮಾಡೋದು. ಹಳೇ ಬಲ್ಬು ಹೋಗಿ ಎಲ್‌ಇಡಿ ಬಂದಾಗಲೂ ಎಲ್ಲರ ಲೆಕ್ಕ ತಪ್ಪಿತ್ತು. ಬಲ್ಬಿನ ತಂತಿ ಕಾದು ಬೆಳಗಲು ಒಂದು ಕ್ಷಣ ಬೇಕು, ಎಲ್‌ಇಡಿಗೆ ಬೇಡ. ದೀಪ ಬದಲಾದರೆ ಮನುಷ್ಯನ 'ಪ್ರತಿಭೆ'ಯ ಅಂಕಿಯೂ ಬದಲಾಯಿತು.

ಇನ್ನು ದುಡ್ಡಿನ ವಿಷಯ. 'ಡಿಲೇ ಬಾಕ್ಸ್' ಅಂತ ಒಂದು ಎಲೆಕ್ಟ್ರಾನಿಕ್ ಡಬ್ಬಿ ಇದೆ. ಮೂರನೇ ಹಳದಿಯ ತನಕ ಕಾಯುವಾಗ ಮನಸ್ಸು ಲೆಕ್ಕ ಹಾಕುತ್ತೆ, ಆತುರ ಪಡುತ್ತೆ, ಎಡವುತ್ತೆ. ಮೊದಲ ಹಳದಿಗೇ ಬಟನ್ ಬಿಟ್ಟುಬಿಟ್ಟರೆ ಆ ಗೊಂದಲವಿಲ್ಲ. ಉಳಿದ ಒಂದು ಸೆಕೆಂಡಿನಷ್ಟು ಕಾಯುವ ಕೆಲಸ ಡಬ್ಬಿಯದು, ಅದೂ ಸಾವಿರದ ಭಾಗದ ನಿಖರತೆಯಲ್ಲಿ. 0.020 ತಡವಾಯಿತಾ? ಡಬ್ಬಿಯಲ್ಲಿ ಅಷ್ಟು ಕಳೆದರಾಯಿತು. ಎನ್‌ಎಚ್‌ಆರ್‌ಎ, ಅಂದರೆ 1951ರಲ್ಲಿ ಹುಟ್ಟಿದ ಅಲ್ಲಿನ ದೊಡ್ಡ ಸಂಸ್ಥೆ, ಸೂಪರ್ ಕಾಂಪ್‌ನಂಥ ವರ್ಗಗಳಲ್ಲಿ ಇದನ್ನು ಒಪ್ಪುತ್ತೆ, ಸ್ಟಾಕ್, ಸೂಪರ್ ಸ್ಟಾಕ್ ವರ್ಗಗಳಲ್ಲಿ ನಿಷೇಧಿಸಿದೆ. ಸ್ಥಳೀಯ ಟ್ರ್ಯಾಕುಗಳಲ್ಲಿ ಡಬ್ಬಿ ಇರುವವರಿಗೊಂದು ಕ್ಲಾಸು, ಇಲ್ಲದವರಿಗೆ ಬೇರೆಯೇ ಕ್ಲಾಸು. ಡಬ್ಬಿ ಇಟ್ಟವರನ್ನು ಮೋಸಗಾರರು ಅಂತ ಅಲ್ಲಿ ಯಾರೂ ಕರೆಯೋದಿಲ್ಲ. ಆದರೆ ಡಬ್ಬಿ ಇದ್ದವನನ್ನೂ ಇಲ್ಲದವನನ್ನೂ ಒಂದೇ ಪಟ್ಟಿಯಲ್ಲಿಟ್ಟು, ನೋಡಿ ಇವನೇ ಚುರುಕು ಅಂತಲೂ ಹೇಳೋದಿಲ್ಲ.

ಆ ವಾಟ್ಸಾಪ್ ಚಿತ್ರಕ್ಕೆ ಉತ್ತರ ಇರೋದು ಇಲ್ಲಿ. ವಾರಾಂತ್ಯದಲ್ಲಿ ಸ್ವಂತ ಕಾರು ತಂದು ಓಡಿಸುವ ಸಾಮಾನ್ಯ ಅಮೆರಿಕನ್ನರು ಹೆಚ್ಚಾಗಿ ಆಡೋದು 'ಬ್ರ್ಯಾಕೆಟ್ ರೇಸಿಂಗ್'. ಅದರಲ್ಲಿ ನಿಧಾನದ ಕಾರನ್ನು ಮೊದಲು ಬಿಡುತ್ತಾರೆ. ನನ್ನ ಕಾರು 14 ಸೆಕೆಂಡಿನದು, ನಿಮ್ಮದು 10 ಸೆಕೆಂಡಿನದು ಅಂತಿಟ್ಟುಕೊಳ್ಳಿ. ಇಬ್ಬರೂ ಆ ಅಂಕಿಯನ್ನು ಗಾಜಿನ ಮೇಲೆ ಬರೆದುಕೊಳ್ಳುತ್ತೇವೆ. ನನಗೆ 4 ಸೆಕೆಂಡು ಮೊದಲೇ ಹಸಿರು. ನೀವು ಇನ್ನೂ ಗೆರೆಯಲ್ಲಿ ನಿಂತಿರುವಾಗ ನಾನು ದೂರ ಹೋಗಿರುತ್ತೇನೆ. ಯಾರೂ ಕೂಗಾಡೋದಿಲ್ಲ. ಕಾರಿನ ವ್ಯತ್ಯಾಸ ಕಳೆದ ಮೇಲೆ ಉಳಿಯೋದು ರಿಯಾಕ್ಷನ್ ಮತ್ತು ಹೇಳಿದಂತೆ ಓಡಿಸುವ ತಾಕತ್ತು, ಸ್ಪರ್ಧೆ ಇರೋದೇ ಅದಕ್ಕೆ. ಸುಳ್ಳು ಅಂಕಿ ಬರೆದವನಿಗೂ ಮದ್ದಿದೆ: ಬರೆದದ್ದಕ್ಕಿಂತ ಬೇಗ ಓಡಿದರೆ 'ಬ್ರೇಕ್‌ಔಟ್', ಸೋಲು. ನಮ್ಮ ಕೆನೆಪದರದ ವಾದ ನೆನಪಾದರೆ ತಪ್ಪೇನಿಲ್ಲ.

ಅಷ್ಟಾದರೂ ಅದರೊಳಗೊಂದು ಅನ್ಯಾಯ ಬಹಳ ಕಾಲ ಅಡಗಿತ್ತು. ಇಬ್ಬರೂ ಕೆಂಪು ದೀಪ ಹೊತ್ತಿಸಿದರೆ? ಹಳೇ ವ್ಯವಸ್ಥೆಯಲ್ಲಿ ಮೊದಲು ಹೊತ್ತಿಸಿದವನು ಸೋತ. ಮೊದಲು ಹೊರಡೋದು ಯಾವಾಗಲೂ ನಿಧಾನದ ಕಾರು. ಅವನು ಸಾವಿರದ ಒಂದು ಭಾಗ ಎಡವಿದರೆ ಮುಗಿಯಿತು, ಹಿಂದಿನವನು ಅದಕ್ಕಿಂತ ಹತ್ತು ಪಟ್ಟು ಎಡವಿದರೂ ಗೆದ್ದ. ರಿಯಾಯಿತಿ ಪಡೆದವನ ತಪ್ಪು ಮೊದಲು ಕಾಣುತ್ತೆ, ಉಳಿದವನ ತಪ್ಪನ್ನು ನೋಡುವ ಪ್ರಮೇಯವೇ ಬರೋದಿಲ್ಲ. ಈಗ ಹಲವು ಕಡೆ 'ಟ್ರೂ ಸ್ಟಾರ್ಟ್' ಅನ್ನೋ ವ್ಯವಸ್ಥೆ ಬಂದಿದೆ. ಇಬ್ಬರೂ ಹೊರಡುವ ತನಕ ಕಾದು, ಯಾರದು ದೊಡ್ಡ ತಪ್ಪೋ ಅವರನ್ನು ಸೋಲಿಸುತ್ತೆ.

ಹೋಲಿಕೆ ಎಲ್ಲಿಯ ತನಕ ಎಳೆಯಬಹುದು ಅನ್ನೋದು ನನಗೂ ಗೊತ್ತು. ಮೀಸಲಾತಿ ಬ್ರ್ಯಾಕೆಟ್ ರೇಸಿಂಗ್ ಅಲ್ಲ. ಇಲ್ಲಿ ಯಾರ ಹಿಂದುಳಿದಿರುವಿಕೆಯನ್ನೂ ಸೆಕೆಂಡಿನಲ್ಲಿ ಬರೆಯೋಕಾಗಲ್ಲ, ಅವಮಾನಕ್ಕೆ ಅಂಕಿಯೂ ಇಲ್ಲ. ಅಲ್ಲಿ ಕಾರಿನ ವ್ಯತ್ಯಾಸವನ್ನು ಪೂರ್ತಿ ಅಳಿಸುತ್ತಾರೆ, ಇಲ್ಲಿ ಅಳಿಸೋದು ಒಂದು ತುಣುಕನ್ನು. ಆದರೆ ಡಿಲೇ ಬಾಕ್ಸ್ ಇಲ್ಲೂ ಇದೆ. ಲಕ್ಷಗಟ್ಟಲೆ ಫೀಸಿನ ರೆಸಿಡೆನ್ಷಿಯಲ್ ಪಿಯು, ಫೇಲಾದರೆ ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್, ವಾರಕ್ಕೊಂದು ಮಾಕ್ ಟೆಸ್ಟ್. ನಾನೂ ಅಂಥದ್ದೇ ಒಂದು ಸೆಟಪ್ಪಿನಲ್ಲಿ ಬಂದವನು. ರ್‍ಯಾಂಕ್ ಬಂದಾಗ ಮನೆಯಲ್ಲಿ ಎಲ್ಲರೂ ನನ್ನ ತಲೆಯನ್ನೇ ಹೊಗಳಿದರು, ಅಪ್ಪ ಕಟ್ಟಿದ ಫೀಸಿನ ರಸೀದಿಯನ್ನಲ್ಲ.

ಬ್ರ್ಯಾಕೆಟ್ ರೇಸಿನಲ್ಲಿ ಗಾಜಿನ ಮೇಲಿನ ಅಂಕಿಗೆ ಆಧಾರ ಹಿಂದಿನ ಓಟಗಳ ಟೈಮ್ ಸ್ಲಿಪ್ಪು. ಸ್ಲಿಪ್ಪಿಲ್ಲದೆ ಅಂಕಿಯಿಲ್ಲ, ಅಂಕಿಯಿಲ್ಲದೆ ರೇಸಿಲ್ಲ. ನಮ್ಮ ರಾಜ್ಯದಲ್ಲಿ 2015ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ನಡೆಯಿತು. ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ. 2025ರ ಜೂನ್‌ನಲ್ಲಿ ಅದು ಹಳೆಯದಾಯಿತು ಅಂತ ಹೊಸ ಸಮೀಕ್ಷೆಗೆ ತೀರ್ಮಾನಿಸಿದರು, ಸೆಪ್ಟೆಂಬರ್‌ನಲ್ಲಿ ಮನೆ ಮನೆಗೆ ಹೋಗೋದು ಶುರುವಾಯಿತು. ಆಗ ಈ ಸಮೀಕ್ಷೆಯೇ ಬೇಡ, ಮಾಹಿತಿ ಕೊಡಬೇಡಿ ಅಂತ ನಮ್ಮ ಬ್ಯಾಚಿನ ಗ್ರೂಪಿಗೆ ಮೆಸೇಜು ಹಾಕಿದವರ ಹೆಸರುಗಳನ್ನು ಹಿಂದಕ್ಕೆ ಸ್ಕ್ರೋಲ್ ಮಾಡಿ ನೋಡಿದೆ. ಓಟದ ಚಿತ್ರ ಹಾಕಿದವರೂ ಹೆಚ್ಚುಕಮ್ಮಿ ಅವರೇ.