ಅಮ್ಮನ ರೇಡಿಯೋಗೂ ಗೋಡೇಲಿ ಜಾಗ ಕೊಡಿ

"ರೇಡಿಯೋ ಬರೀ ಸುಯ್ ಅನ್ನತ್ತೆ, ಗುಜರಿಗೆ ಹಾಕಿ" ಅನ್ನೋ ಮಾತು ನಮ್ಮ ಬಸವನಗುಡಿ, ಚಾಮರಾಜಪೇಟೆ ಮನೆಗಳಲ್ಲಿ ಮಾಮೂಲಾಗ್ಬಿಟ್ಟಿದೆ. ನಾನಂತೂ ಒಪ್ಪಲ್ಲ ಕಣ್ರೀ. ಎಷ್ಟೋ ಸಲ ಸ್ಟೀರಿಯೋ ಟ್ಯೂನರ್ ಸರಿಯಾಗೇ ಇರತ್ತೆ. ಅದರ ಆಂಟೆನಾ ವೈರನ್ನ ಸುರುಳಿ ಸುತ್ತಿ ಕಬ್ಬಿಣದ ಬೀರು ಹಿಂದೆ ತುರುಕಿರ್ತಾರೆ, ಅಷ್ಟೇ.

ಟಿವಿಗೆ ತಾರಸಿ ಮೇಲೆ ಡಿಶ್ ಕೂರಿಸ್ತಾರೆ. ವೈಫೈಗೆ ಗೋಡೆ ಕೊರೀತಾರೆ. ರೇಡಿಯೋಗೆ ಐದಡಿ ವೈರು ಕಟ್ಟಿ ಅಂದ್ರೆ ಮಾತ್ರ ಹಾಲ್ ಅಂದ ಕೆಡತ್ತಂತೆ! ಅಂದ ಎಲ್ಲ ನೆಪ. ರೇಡಿಯೋ ಕೇಳೋರು ಅಡುಗೆಮನೇಲಿರೋರು, ಅದಕ್ಕೇ ಈ ಉಡಾಫೆ.

ಲೆಕ್ಕ ಸುಲಭ. ವಿವಿಧ ಭಾರತಿ 102.9, ರೇನ್‌ಬೋ 101.3. ಈ ಅಲೆಗಳ ಉದ್ದ ಸುಮಾರು 3 ಮೀಟರ್. ಅದರರ್ಧ, ಒಂದೂವರೆ ಮೀಟರ್ ಉದ್ದದ ಆಂಟೆನಾ ಇದ್ರೆ ಚೆನ್ನಾಗಿ ಹಿಡಿಯತ್ತೆ. ಟ್ಯೂನರ್ ಜತೆ ಕೊಡೋ ‘ಟಿ’ ಆಕಾರದ ವೈರು ಇದೇ ಅಳತೇದು. ಕಳೆದುಹೋಗಿದ್ರೆ ಎಸ್.ಪಿ. ರೋಡಲ್ಲಿ ವಿಚಾರಿಸಿ. ಟ್ಯೂನರ್ ಹಿಂದೆ 75 ಓಮ್ ಅಂತಿದ್ಯೋ 300 ಅಂತಿದ್ಯೋ ನೋಡ್ಕೊಂಡು ಹೋಗಿ, ಅದಕ್ಕೆ ಹೊಂದೋದೇ ತರಬೇಕು.

‘ಟಿ’ಯ ಎರಡೂ ತೋಳನ್ನ ಬಟ್ಟೆ ಒಣಗಿಸೋ ಹಗ್ಗದ ಹಾಗೆ ಎಳೆದು, ಎತ್ತರದಲ್ಲಿ ಕಟ್ಟಿ. ಕಿಟಕಿ ಗ್ರಿಲ್ಲು, ಬೀರು, ಫ್ರಿಜ್ಜಿಂದ ದೂರ ಇರಲಿ. ವೈರಿನ ತುದಿ ಸ್ಟೇಷನ್ ಕಡೆ ತಿರುಗಿದ್ರೆ ಸಿಗ್ನಲ್ ಸೊರಗತ್ತೆ, ಹಾಗಾಗಿ ಒಂದು ಗೋಡೇಲಿ ಬರದಿದ್ರೆ ಪಕ್ಕದ ಗೋಡೇಲಿ ಕಟ್ಟಿ ನೋಡಿ. ಎದುರುಗಡೆ ಅಪಾರ್ಟ್‌ಮೆಂಟ್ ಎದ್ದಿದ್ರೆ ಅದಕ್ಕೆ ಬಡಿದು ವಾಪಸ್ಸಾದ ಅಲೆ, ನೇರ ಬಂದ ಅಲೆ ಜತೆ ಕಲೆತು ಹಾಡು ಒಡಕಾಗತ್ತೆ. ಆಗ ವೈರನ್ನ ಎರಡಡಿ ಸರಿಸಿದ್ರೂ ವ್ಯತ್ಯಾಸ ಗೊತ್ತಾಗತ್ತೆ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರುಗಳನ್ನ ಒಂದೊಂದಾಗಿ ಆರಿಸಿ ನೋಡಿ, ಗೊರಗೊರ ಮಾಡ್ತಿರೋ ಕಳ್ಳ ಸಿಕ್ತಾನೆ. ಆಮೇಲೂ ಸುಯ್ ಅಂದ್ರೆ ಸ್ಟೀರಿಯೋ ಬಟನ್ ತೆಗೆದು ಮೋನೋಗೆ ಹಾಕಿ. ಸ್ಟೀರಿಯೋಗೆ ಗಟ್ಟಿ ಸಿಗ್ನಲ್ ಬೇಕು, ಮೋನೋಗೆ ಅಷ್ಟು ಬೇಡ.

"ಫೋನಲ್ಲೇ ಬರತ್ತಲ್ಲಮ್ಮಾ" ಅಂತಾರೆ ಮಕ್ಕಳು. ಬರತ್ತಪ್ಪಾ, ಡೇಟಾ ಇರೋತನಕ. ಮಧ್ಯೆ ಯಾರಾದ್ರೂ ಫೋನ್ ಮಾಡಿದ್ರೆ ಹಾಡು ನಿಂತೋಯ್ತು. ಹಿಟ್ಟು ಮೆತ್ತಿದ ಕೈಲಿ ಪಾಸ್‌ವರ್ಡ್ ಒತ್ತೋದು ಹೇಗೆ? ಟ್ಯೂನರಿಗೆ ಒಂದು ಗುಂಡಿ ತಿರುಗಿಸಿದ್ರೆ ಸಾಕು.

1935ರಲ್ಲಿ ಮೈಸೂರಲ್ಲಿ ಎಂ.ವಿ. ಗೋಪಾಲಸ್ವಾಮಿಯೋರು ರೇಡಿಯೋ ಕೇಂದ್ರ ಶುರುಮಾಡಿದ್ರು, ‘ಆಕಾಶವಾಣಿ’ ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ. ಅಂಥ ನಾಡಲ್ಲಿ ಒಂದು ವೈರು ಕಟ್ಟೋ ಸೋಮಾರಿತನಕ್ಕೆ ರೇಡಿಯೋನ ಗುಜರಿಗೆ ಹಾಕೋದಾ? ಗುಜರಿಯೋನನ್ನ ಕರೆಯೋ ಮುಂಚೆ ಎರಡು ಮೊಳೆ ಹೊಡೀರಿ.